ಕಾಸರಗೋಡಿನವರ ಆಸ್ಪತ್ರೆ ಫೈಲು ಯಾರ ಹತ್ತಿರ ಇರುತ್ತದೆ?

"ಈಗ ಆಭಾ ನಂಬರ್ ಬಂದಿದೆಯಲ್ಲ, ಎಲ್ಲರೂ ಅದನ್ನು ಮಾಡಿಸಿಕೊಂಡರೆ ಮುಗೀತಲ್ವಾ? ನಿಮ್ಮ ಕಡೆಯವರು ಇನ್ನೂ ಯಾಕೆ ಫೈಲು ಹೊತ್ತುಕೊಂಡು ಓಡಾಡ್ತಾರೆ?" ಅಂತ ಕೇಳಿದ್ದೀರಿ. (ಆಭಾ ಅಂದರೆ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಯನ್ನು ಜೋಡಿಸಲು ಕೇಂದ್ರ ಸರ್ಕಾರ ಕೊಡುವ ಆರೋಗ್ಯ ನಂಬರ್.) ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವವರಿಗೆ ಹಾಗನಿಸುವುದು ಸಹಜ. ನಮ್ಮಲ್ಲಿ ಹೇಗೆ ಉಂಟು ಅಂತ ಹೇಳ್ತೇನೆ.

ಕಾಸರಗೋಡು 1956ರ ನವೆಂಬರ್ 1ರಿಂದ ಕೇರಳದಲ್ಲಿದೆ. ಆದರೆ ಕಾಯಿಲೆ ಜೋರಾದರೆ ನಾವು ಹೊರಡುವುದು ಮಂಗಳೂರಿಗೆ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಮಂಜೇಶ್ವರದವರಿಗೆ ಇನ್ನೂ ಹತ್ತಿರ. ನಮ್ಮ ರಾಜಧಾನಿ ತಿರುವನಂತಪುರ 500 ಕಿಲೋಮೀಟರ್‌ಗೂ ಆಚೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದರು. ಆದರೂ ಹಾರ್ಟು, ಕಿಡ್ನಿ, ಕ್ಯಾನ್ಸರ್ ಅಂದರೆ ಜನ ಇವತ್ತಿಗೂ ತಲಪಾಡಿಯ ಗಡಿ ದಾಟುತ್ತಾರೆ.

ಹಾಗಾಗಿ ಒಬ್ಬರ ಆರೋಗ್ಯದ ಲೆಕ್ಕ ಎರಡು ರಾಜ್ಯಗಳಲ್ಲಿ ಚದುರಿಕೊಂಡಿರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಬಿಪಿ, ಶುಗರ್, ಬೀಡಿ ಸೇದುವುದು ಎಲ್ಲ ವಿಚಾರಿಸಿ ಕೇರಳ ಸರ್ಕಾರದ 'ಶೈಲಿ' ಆ್ಯಪಿಗೆ ಹಾಕುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇ-ಹೆಲ್ತ್ ನಂಬರ್ ಬೇರೆ. ಮಂಗಳೂರಿನ ಆಸ್ಪತ್ರೆಯಲ್ಲಿ ಅವರದ್ದೇ ಇನ್ನೊಂದು ನಂಬರ್. ಇವನ್ನೆಲ್ಲ ಒಟ್ಟಿಗೆ ಇಡುವುದು ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮು, ಲ್ಯಾಬ್ ರಿಪೋರ್ಟು, ಹಳೇ ಓಪಿ ಚೀಟಿಗಳು. ಇಸಿಜಿಯ ಕಾಗದ ಕೆಲವು ವರ್ಷಕ್ಕೆ ಮಾಸಿ ಬೆಳ್ಳಗಾಗಿಬಿಡುತ್ತದೆ. ಗೊತ್ತಿದ್ದವರು ಮೊದಲೇ ಜೆರಾಕ್ಸ್ ಮಾಡಿಸಿ ಅದಕ್ಕೇ ಪಿನ್ ಹೊಡೆದು ಇಡುತ್ತಾರೆ.

ಆ ಕವರಿನ ಬೆಲೆ ಎಷ್ಟು ಅಂತ 2020ರ ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿತು. ಆಂಬುಲೆನ್ಸುಗಳು ತಲಪಾಡಿಯಿಂದ ವಾಪಸ್ ಬಂದವು. ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತುರ್ತು ರೋಗಿಗಳಿಗೆ ದಾರಿ ಬಿಡಿಸಬೇಕು ಅಂತ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ವರ್ಷಗಳ ಚಿಕಿತ್ಸೆಯ ದಾಖಲೆ ಗಡಿಯ ಆಚೆ, ರೋಗಿ ಗಡಿಯ ಈಚೆ. ಇಲ್ಲಿನ ಡಾಕ್ಟರು ಕವರಿನಲ್ಲಿ ಏನಿದೆಯೋ ಅದನ್ನು ನೋಡಿಯೇ ಮದ್ದು ಬರೆಯಬೇಕಿತ್ತು.

ಅದೇ ಏಪ್ರಿಲ್‌ನಲ್ಲಿ ಇನ್ನೊಂದು ಜಗಳವೂ ನಡೆಯಿತು. ಕೊರೊನಾ ರೋಗಿಗಳ ಮತ್ತು ಕ್ವಾರಂಟೈನಿನಲ್ಲಿದ್ದವರ ಮಾಹಿತಿಯನ್ನು ಕೇರಳ ಸರ್ಕಾರ ಸ್ಪ್ರಿಂಕ್ಲರ್ ಅನ್ನುವ ಅಮೆರಿಕದ ಕಂಪನಿಯ ಕೈಗೆ ಕೊಟ್ಟಿತ್ತು. ಹೆಸರು-ಗುರುತು ತೆಗೆಯದೆ ಮಾಹಿತಿ ಕೊಡಬೇಡಿ, ಜನರ ಒಪ್ಪಿಗೆ ಕೇಳಿ ಅಂತ ಏಪ್ರಿಲ್ 24ರಂದು ಹೈಕೋರ್ಟೇ ಹೇಳಬೇಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿಕಿತ್ಸೆ ಮಾಡುವ ಡಾಕ್ಟರಿಗೆ ದಾಖಲೆ ಸಿಗಲಿಲ್ಲ. ಸಂಬಂಧವೇ ಇಲ್ಲದ ಕಂಪನಿಗೆ ಸಲೀಸಾಗಿ ಸಿಕ್ಕಿತು. ದಾಖಲೆ ಸೋರಿದರೆ ಮಾತ್ರ ತೊಂದರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಬೇಕಾದಾಗ ಕೈಗೆ ಸಿಗದಿದ್ದರೂ ಅಷ್ಟೇ ತೊಂದರೆ.

ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಪೀಡಿತ ಊರುಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ವಿಷ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮನೆಗಳಲ್ಲಿ ಅದರ ಫಲ ಇವತ್ತಿಗೂ ಉಂಟು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಸಂತ್ರಸ್ತರು ಯಾರು? ಮೆಡಿಕಲ್ ಕ್ಯಾಂಪ್ ನಡೆಸಿ ಮಾಡಿದ ಪಟ್ಟಿಯಲ್ಲಿ ಹೆಸರು ಬಂದವರು. ಪಟ್ಟಿಯಿಂದ ಹೊರಗುಳಿದ ಮಕ್ಕಳ ತಾಯಂದಿರು ವರ್ಷಗಟ್ಟಲೆ ಹೋರಾಟ ಮಾಡಿದರು. ಇಂಥ ಊರಿನಲ್ಲಿ ಹಳೇ ಚೀಟಿ ಬಿಸಾಡು ಅಂತ ಯಾರಿಗೆ ಹೇಳ್ತೀರಿ? ಒಳರೋಗಿಯ ದಾಖಲೆಯನ್ನು ಡಾಕ್ಟರು 3 ವರ್ಷ ಇಟ್ಟುಕೊಂಡರೆ ಸಾಕು ಅನ್ನುತ್ತದೆ 2002ರ ವೈದ್ಯಕೀಯ ಮಂಡಳಿಯ ನಿಯಮ. ವಿಷದ ಪರಿಣಾಮ ಒಂದು ತಲೆಮಾರು ದಾಟಿ ಬರುವಾಗ 3 ವರ್ಷ ಯಾವ ಲೆಕ್ಕ!

ಇನ್ನೊಂದು ವಿಷಯ. ಕೆಲವರು ಗಡಿ ದಾಟುವುದೇ ಸುದ್ದಿ ಊರಿಗೆ ಬರಬಾರದು ಅಂತ. ಮನಸ್ಸಿನ ಕಾಯಿಲೆ, ಮಕ್ಕಳಾಗದಿರುವುದು, ಟಿಬಿ. ಊರಿನ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಅಂಥವರಿಗೆ ಎರಡೂ ಕಡೆಯ ದಾಖಲೆ ತನ್ನಷ್ಟಕ್ಕೆ ಜೋಡಣೆಯಾಗುತ್ತದೆ ಅಂದರೆ ಭಯವೇ ಆಗುತ್ತದೆ.

ಈಗ ಆಭಾ ವಿಷಯಕ್ಕೆ ಬರ್ತೇನೆ. ಯೋಜನೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಬಂದ ಈ 14 ಅಂಕಿಯ ನಂಬರಿಗೆ ರಾಜ್ಯದ ಗಡಿ ಇಲ್ಲ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಯಾವುದನ್ನು, ಯಾರಿಗೆ, ಎಷ್ಟು ದಿನ ತೋರಿಸಬೇಕು ಅಂತ ರೋಗಿಯೇ ಹೇಳಬಹುದು. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಲೂ ಬಹುದು. ಕಾಗದದ ಮೇಲೆ ಇದು ನಮ್ಮಂಥವರಿಗೇ ಹೇಳಿ ಮಾಡಿಸಿದ ಹಾಗಿದೆ.

ತೊಂದರೆ ಶುರುವಾಗುವುದು ಆಧಾರ್, ಅರ್ಜಿ ಇತ್ಯಾದಿ ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಕೇರಳದ ಅಕ್ಷಯ ಕೇಂದ್ರದ ಕೌಂಟರಿನಲ್ಲಿ. ಅಜ್ಜಿಯ ಆಧಾರಿಗೆ ಜೋಡಿಸಿದ ಫೋನು ದುಬೈಯಲ್ಲಿರುವ ಮಗನದ್ದು. ಒಟಿಪಿ ಅವನಿಗೆ ಹೋಗುತ್ತದೆ. ಅವನು ವಾಟ್ಸಾಪಿನಲ್ಲಿ ತಂಗಿಗೆ ಕಳಿಸುತ್ತಾನೆ, ಅವಳು ಕೌಂಟರಿನ ಹುಡುಗನಿಗೆ ಹೇಳುತ್ತಾಳೆ, ಅವನು ಒತ್ತುತ್ತಾನೆ. ಅಜ್ಜಿ ಬೆಂಚಿನಲ್ಲಿ ಕೂತಿರುತ್ತಾರೆ. ಕಂಪ್ಯೂಟರಿನ ಪ್ರಕಾರ ಅಜ್ಜಿ ಒಪ್ಪಿಗೆ ಕೊಟ್ಟಾಯಿತು! ಹೆಸರಿನದ್ದು ಬೇರೆ ಗೋಳು. ಆಧಾರಿನಲ್ಲಿ ಇನಿಷಿಯಲ್ ಹಿಂದೆ, ರೇಷನ್ ಕಾರ್ಡಿನಲ್ಲಿ ಮುಂದೆ, ಮಂಗಳೂರಿನ ಆಸ್ಪತ್ರೆಯಲ್ಲಿ ಮನೆಹೆಸರೇ ಇಲ್ಲ. ಇಲ್ಲಿನ ಹೆಸರುಗಳಲ್ಲಿ ಬರುವ ಕುಞ್ಞಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಜೋಡಿಸುವ ಸಾಫ್ಟ್‌ವೇರಿಗೆ ಇವರೆಲ್ಲ ಬೇರೆ ಬೇರೆ ಜನ.

ಮತ್ತೆ ಭಾಷೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಪಟ್ಟಿಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಅವಕಾಶ ಕೊಡಬೇಕು. ಅಂದರೆ ಕೇರಳದಲ್ಲೂ ಕನ್ನಡದಲ್ಲಿ ಕೇಳಬಹುದು. ನಮಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ, ಮಲಯಾಳಂ ಫಾರ್ಮಿಗೆ ಓದದೆ ಸಹಿ ಹಾಕಿ ಬೇಸತ್ತವರು ನಾವು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಈ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಉಂಟು. ಆದರೆ ತುಳು, ಬ್ಯಾರಿ ಆ ಪರಿಚ್ಛೇದದಲ್ಲಿ ಇಲ್ಲ. ಮನೆಯಲ್ಲಿ ಅವನ್ನೇ ಆಡುವ, ಯಾವ ಲಿಪಿಯನ್ನೂ ಓದಲಾಗದ ಹಿರಿಯರು ನಮ್ಮಲ್ಲಿ ಎಷ್ಟೋ ಜನ.

ಅದಕ್ಕೆ ನಿಮ್ಮ ಹತ್ತಿರ ಒಂದು ಕೋರಿಕೆ. ಒಪ್ಪಿಗೆಯ ಸ್ಕ್ರೀನು ಮಾಡುವಾಗ ಅದನ್ನು ತುಳುವಿನಲ್ಲೂ ಬ್ಯಾರಿಯಲ್ಲೂ ಗಟ್ಟಿಯಾಗಿ ಓದಿ ಹೇಳುವ ಒಂದು ಬಟನ್ ಇಡಿ. ಒಟಿಪಿ ಬೇರೆಯವರ ಫೋನಿಗೆ ಹೋಗಿದ್ದರೆ, ಒತ್ತಿದವರು ಯಾರು, ಅವರಿಗೂ ರೋಗಿಗೂ ಏನು ಸಂಬಂಧ ಅಂತ ದಾಖಲಾಗಲಿ. ಅಲ್ಲಿವರೆಗೆ ನಾನು ಊರಿನವರಿಗೆ ಹೇಳುವುದು ಇಷ್ಟೇ: ಡಿಸ್ಚಾರ್ಜ್ ಆಗುವ ದಿನವೇ ಪೂರ್ತಿ ದಾಖಲೆಗೆ ಬರೆದು ಅರ್ಜಿ ಕೊಡಿ. 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿ ಉಂಟು. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಕೌಂಟರ್ ಬಿಡಿ.