ಇಳಿಜಾರಿನ ಮನೆ ಸೈಟಿನ ಕೆಂಪು ನೀರು ಕೆಳಗಿನವರ ಗದ್ದೆಗೆ ಇಳಿಯದಂತೆ ಮಾಡುವುದು ಹೇಗೆ?

ಮಡಿಕೇರಿ ಹತ್ತಿರ 20 ಸೆಂಟ್ ಜಾಗದಲ್ಲಿ ಬರೆ (ದಿಣ್ಣೆಯ ಕಡಿದಾದ ಮಗ್ಗುಲು) ಕಡಿಸಿ ಸಮ ಮಾಡಿಸಿದ್ದೀರಿ, ಕಾಫಿ ಹೂ ಬಿಡಿಸುವ ಬೇಸಿಗೆಯ ಹೂಮಳೆಗೇ ಕೆಂಪು ನೀರು ಕೆಳಗಿನವರ ಗದ್ದೆಗೂ ತೋಡಿಗೂ (ಸಣ್ಣ ಹಳ್ಳ) ಇಳಿದಿದೆ, ಜೂನ್‌ಗೆ ಮೊದಲು ಮೂಲೆಯಲ್ಲಿ ಒಂದು ಗುಂಡಿ ತೋಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು.

ಯಾಕೆಂದು ತಿಳಿಯಬೇಕಾದರೆ ಅದೇ ಕೆಂಪು ನೀರನ್ನು ಒಂದು ಗಾಜಿನ ಬಾಟಲಿಗೆ ತುಂಬಿ ಅಲುಗಾಡಿಸದೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಮರಳಿಗಿಂತ ನುಣುಪಾದ ಗೋಡುಮಣ್ಣಿಗೆ ಗಂಟೆಗಳು ಬೇಕು. ಜೇಡಿ ಮಾತ್ರ ಮರುದಿನ ಬೆಳಿಗ್ಗೆಯೂ ನೀರಲ್ಲೇ ಇರುತ್ತದೆ. ಇನ್ನು ನೀರಿನ ಲೆಕ್ಕ: 20 ಸೆಂಟ್ ಎಂದರೆ ಸುಮಾರು 810 ಚದರ ಮೀಟರ್, ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ದಿನಕ್ಕೆ 100 ಮಿ.ಮೀ. ಸುರಿಯುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಅಂದರೆ ಒಂದೇ ದಿನ 81,000 ಲೀಟರ್. ಗುಂಡಿ ಮರಳನ್ನು ಹಿಡಿಯುತ್ತದೆ, ಬಣ್ಣವನ್ನಲ್ಲ. ಬಣ್ಣ ನಿಲ್ಲಬೇಕಾದರೆ ಮಣ್ಣು ಮೊದಲೇ ಕದಡದ ಹಾಗೆ ಮುಚ್ಚಬೇಕು.

ಎಲ್ಲಕ್ಕಿಂತ ಮೊದಲು ಮೇಲಿನ ತೋಟದ ನೀರು ನಿಮ್ಮ ಸೈಟಿಗೆ ಇಳಿಯದಂತೆ ತಿರುಗಿಸಿ. ಬರೆಯ ಅಂಚಿನಿಂದ ಕನಿಷ್ಠ 3 ಮೀಟರ್ ಹಿಂದೆ, 45 ಸೆಂ.ಮೀ. ಅಗಲ, ಅಷ್ಟೇ ಆಳದ ಕಾಲುವೆ ಸಾಕು. ಆದರೆ ಅದಕ್ಕೆ ಕಾಂಕ್ರೀಟ್ ಹಾಕಿಸಿ, ಇಲ್ಲವೇ ಈ ಮಳೆಗಾಲದ ಮಟ್ಟಿಗೆ ದಪ್ಪ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್ ಹಾಳೆ) ಹಾಸಿ. ಬರಿ ಮಣ್ಣಿನ ಕಾಲುವೆ ನೀರನ್ನು ಸಾಗಿಸುವ ಬದಲು ಬರೆಯ ಹಿಂದೆ ಇಂಗಿಸುತ್ತದೆ, ಬರೆಯನ್ನು ಅದೇ ಕೆಡವುತ್ತದೆ. ಮಳೆನೀರು ಇಂಗಿಸಲು ಕಾಫಿ ತೋಟದಲ್ಲಿ ತೋಡುವ ತೊಟ್ಟಿಲು ಗುಂಡಿಯೂ ಹಾಗೆಯೇ: ತೋಟದಲ್ಲಿ ಒಳ್ಳೆಯದು, ಕಡಿದ ಬರೆಯ ನೆತ್ತಿಯ ಮೇಲೆ ಬೇಡವೇ ಬೇಡ, ಇದ್ದರೆ ಮುಚ್ಚಿಸಿ. 2018ರ ಆಗಸ್ಟ್‌ನ ಕುಸಿತಗಳಿಗೆ ಅತಿಮಳೆಯ ಜೊತೆಗೆ ಕಡಿದ ಇಳಿಜಾರುಗಳನ್ನೂ ಭೂವಿಜ್ಞಾನಿಗಳು ಕಾರಣವೆಂದಿದ್ದರು.

ಕಾಲುವೆ ಪಕ್ಕದಲ್ಲಿ ಇಳಿಜಾರಿಗೆ ತಿರುಗಿದ ಮೇಲೆ ನೀರಿನ ಓಟ ತಡೆಯಲು ಕಲ್ಲಿನ ಅಡ್ಡಗಟ್ಟುಗಳು ಬೇಕು. ಮೇಲಿನ ಕಟ್ಟಿನ ಬುಡ ಮತ್ತು ಕೆಳಗಿನ ಕಟ್ಟಿನ ನೆತ್ತಿ ಒಂದೇ ಮಟ್ಟಕ್ಕೆ ಬರಬೇಕು: ನೂರಕ್ಕೆ ಹತ್ತರ ಇಳಿಜಾರಿನಲ್ಲಿ 30 ಸೆಂ.ಮೀ. ಎತ್ತರದ ಕಟ್ಟಾದರೆ 3 ಮೀಟರಿಗೊಂದು. ಮೇಸ್ತ್ರಿಗಳು ಸಾಮಾನ್ಯವಾಗಿ ಇದರ ನೆತ್ತಿಯನ್ನು ನೀಟಾಗಿ ಸಮ ಮಾಡಿಬಿಡುತ್ತಾರೆ. ಅದು ತಪ್ಪು. ನಡುಭಾಗ 10-15 ಸೆಂ.ಮೀ. ತಗ್ಗಿರಬೇಕು, ಇಲ್ಲದಿದ್ದರೆ ನೀರು ಬದಿ ಕೊರೆದುಕೊಂಡು ಹೋಗುತ್ತದೆ, ಕಲ್ಲುಗಳು ಮಾತ್ರ ಅಲ್ಲೇ ಉಳಿಯುತ್ತವೆ.

ಮುಚ್ಚುವುದಕ್ಕೆ ಭತ್ತದ ಹುಲ್ಲಿನಷ್ಟು ಅಗ್ಗದ್ದು ಬೇರೆ ಇಲ್ಲ. ಚದರ ಮೀಟರಿಗೆ ಅರ್ಧ ಕೆ.ಜಿ., ಅಂದರೆ 10 ಸೆಂಟಿಗೆ ಸುಮಾರು 200 ಕೆ.ಜಿ. ಮಣ್ಣು ಕಾಣದಂತೆ ಹರಡಿ. ಕಡಿದಾದ ಕಡೆ ಹುಲ್ಲು ಜಾರುತ್ತದೆ, ಅಲ್ಲಿ ಅದರ ಮೇಲೆ ತೆಂಗಿನ ನಾರಿನ ಬಲೆ ಹಾಸಿ ಬಿದಿರಿನ ಗೂಟ ಹೊಡೆಯಿರಿ. ಲಾವಂಚ ನೆಡಿ ಎಂದು ಎಲ್ಲರೂ ಹೇಳುತ್ತಾರೆ. ನೆಡಿ, ಮೇ ಮಳೆಗೆ 10-15 ಸೆಂ.ಮೀ. ಅಂತರದಲ್ಲಿ ಸಮಮಟ್ಟದ ಸಾಲುಗಳಲ್ಲಿ. ಆದರೆ ಬೇರು ಆಳಕ್ಕಿಳಿಯಲು ತಿಂಗಳುಗಳೇ ಬೇಕು, ಈ ವರ್ಷದ ಮಳೆಗೆ ಅದನ್ನು ನಂಬಬೇಡಿ.

ನೀಲಿ ಟಾರ್ಪಾಲು ಹಾಕುವುದಾದರೆ ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದರ ಮೇಲೆ ಒಂದೂವರೆ ಅಡಿ ಬರಲಿ. ನೆತ್ತಿಯಲ್ಲಿ ಚರಂಡಿ ತೋಡಿ ಅಂಚನ್ನು ಹೂತು, ಬರೆಯ ಬುಡದ ಕಡೆ ಕಲ್ಲು ಹಾಸಿ. ಸುಮ್ಮನೆ ಹೊದಿಸಿದರೆ ನೀರು ಹಿಂದಿನ ಬಿರುಕಿಗೆ ಇಳಿಯುತ್ತದೆ, ಹೊರಗಿನವರಿಗೆ ಮಾತ್ರ ಎಲ್ಲ ಭದ್ರವಾಗಿ ಕಾಣುತ್ತದೆ.

ನೀವು ಕೇಳದಿದ್ದರೂ ಹೇಳಬೇಕಾದದ್ದು: ಜೆಸಿಬಿಯವರು ಕೆಳ ಅಂಚಿಗೆ ತಳ್ಳಿದ ಮಣ್ಣು. ಗದ್ದೆಗೆ ಹೋದದ್ದರಲ್ಲಿ ಹೆಚ್ಚಿನದು ಅದೇ ಇರಬೇಕು. ಸಾಧ್ಯವಾದರೆ ಮಳೆಗೆ ಮೊದಲೇ ಸಾಗಿಸಿ. ಅಲ್ಲೇ ತುಂಬಬೇಕಾದರೆ ಹಳೆಯ ಮೇಲ್ಮೈಯನ್ನು ಮೆಟ್ಟಿಲು ಕಡಿದು, 20-25 ಸೆಂ.ಮೀ. ಪದರ ಪದರವಾಗಿ ದಮ್ಮಸ್ಸು ಮಾಡಿಸಿ.

ಇಷ್ಟಾದ ಮೇಲೆ ಕೆಳ ಅಂಚಿನಲ್ಲಿ ಮಣ್ಣು ಹಿಡಿಯುವ ತಡೆಬೇಲಿ. ಹಸಿರು ಶೇಡ್ ನೆಟ್ ಇದಕ್ಕೆ ಆಗುವುದಿಲ್ಲ, ಕಣ್ಣು ದೊಡ್ಡದು. ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ತನ್ನಿ. ಗೂಟಗಳು 2 ಮೀಟರಿಗೊಂದು, ಇಳಿಜಾರಿನ ಕೆಳಮಗ್ಗುಲಿಗೆ. ಬಟ್ಟೆ ನೆಲದ ಮೇಲೆ 60 ಸೆಂ.ಮೀ. ಇರಲಿ, ಬುಡ 15 ಸೆಂ.ಮೀ. ಚರಂಡಿಯಲ್ಲಿ ಹೂತು ಮೆಟ್ಟಿರಲಿ. ಹೂಳದ ಬೇಲಿಯ ಅಡಿಯಿಂದ ಮೊದಲ ಮಳೆಗೇ ನೀರು ನುಸುಳುತ್ತದೆ. ಸಮಮಟ್ಟದಲ್ಲಿ ಎಳೆದು ಎರಡೂ ತುದಿಗಳನ್ನು ಕುಡುಗೋಲಿನಂತೆ ಮೇಲಕ್ಕೆ ಬಾಗಿಸಿ. ತೋಡಿಗೆ ಅಡ್ಡಲಾಗಿ ಎಂದೂ ಕಟ್ಟಬೇಡಿ. ಬೇಲಿಯ ಎತ್ತರದ ಮೂರನೇ ಒಂದು ಭಾಗಕ್ಕೆ ಮಣ್ಣು ತುಂಬಿದ ಕೂಡಲೇ ಆ ಮಣ್ಣನ್ನು ತೆಗೆಸಿ.

ನಿಮ್ಮ ಗುಂಡಿ ಆಮೇಲೆ. ಎಕರೆಗೆ 3,600 ಘನ ಅಡಿ ಎಂಬ ರೂಢಿಯ ಲೆಕ್ಕದಲ್ಲಿ, ಮೇಲಿನ ನೀರು ತಿರುಗಿಸಿ 10 ಸೆಂಟ್ ಮಾತ್ರ ಅಗೆದದ್ದು ಉಳಿದರೆ 360 ಘನ ಅಡಿ, ಅಂದರೆ 5 ಮೀ. ಉದ್ದ, 2 ಮೀ. ಅಗಲ, 1 ಮೀ. ಆಳ. ತುಂಬುಮಣ್ಣಿನಲ್ಲಾಗಲಿ ಇಳಿಜಾರಿನ ಅಂಚಿನಲ್ಲಾಗಲಿ ತೋಡಬೇಡಿ. ನೀರು ಒಂದು ತುದಿಯಲ್ಲಿ ಬಂದು ಇನ್ನೊಂದು ತುದಿಯಲ್ಲಿ ಕಲ್ಲಿನ ಮೇಲಿಂದ ಹೋಗಲಿ. ಸುತ್ತ ಬೇಲಿ ಹಾಕಿ, ಮಕ್ಕಳು ದನಕರು ಓಡಾಡುವ ಜಾಗ.

ಕಾಂಕ್ರೀಟ್ ಮಿಕ್ಸರ್ ತೊಳೆದ ನೀರಿನ ಕಡುಕ್ಷಾರ ತೋಡಿನ ಮೀನು ಕೊಲ್ಲುತ್ತದೆ. ಅದನ್ನು ಈ ಗುಂಡಿಗೂ ಬಿಡಬೇಡಿ. ಪ್ಲಾಸ್ಟಿಕ್ ಹಾಸಿದ ಬೇರೆ ಪುಟ್ಟ ಗುಂಡಿ ಮಾಡಿ, ಮಳೆ ಬೀಳದಂತೆ ಮೇಲೊಂದು ತಗಡು ಹಾಕಿ. ಗಟ್ಟಿಯಾದದ್ದನ್ನು ಒಡೆದು ನೆಲಭರ್ತಿಗೆ ಬಳಸಬಹುದು.