ಓದುಗರ ಪ್ರಶ್ನೆ: ಹಳೇ ನ್ವಾರ್ ಸಿನಿಮಾ, ಹೊಸ ಡಿಸ್ಕ್

ಪ್ರಶ್ನೆ: ಸರ್, ನಲವತ್ತರ ದಶಕದ ಹಾಲಿವುಡ್ ಕ್ರೈಮ್ ಸಿನಿಮಾಗಳು, ಅದೇ ಫಿಲ್ಮ್ ನ್ವಾರ್ ಅಂತಾರಲ್ಲ, ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. 'ಡೀಟೂರ್' ಅಲ್ಲೇ ನೋಡಿದೆ. ಅದರ ಬ್ಲೂರೇಗೆ ಸಾವಿರಾರು ರೂಪಾಯಿ ಯಾಕೆ ಸುರಿಯಬೇಕು? (ಮೈಸೂರಿನ ಓದುಗರು)

ಉತ್ತರ: ನೀವು ನೋಡಿದ್ದು ಬಹುಶಃ ಕಾಪಿಯ ಕಾಪಿಯ ಕಾಪಿ. 'ಡೀಟೂರ್' 1945ರ ಸಿನಿಮಾ. ನಿರ್ದೇಶಕ ಎಡ್ಗರ್ ಉಲ್ಮರ್ ಅದನ್ನು ಪಿಆರ್‌ಸಿ ಅನ್ನೋ ಬಡ ಕಂಪನಿಗೆ ಸಣ್ಣ ಬಜೆಟ್ಟಿನಲ್ಲಿ ಮಾಡಿಕೊಟ್ಟರು. ಕಾಪಿರೈಟ್ ಕೈತಪ್ಪಿದ ಮೇಲೆ ಯಾರ ಹತ್ತಿರ ಪ್ರಿಂಟ್ ಇತ್ತೋ ಅವರೆಲ್ಲ ಕ್ಯಾಸೆಟ್ ಮಾಡಿ ಮಾರಿದರು, ಆಮೇಲೆ ಡಿವಿಡಿ, ಆಮೇಲೆ ಯೂಟ್ಯೂಬ್. ಅದರಲ್ಲಿ ನಾಯಕ ನಾಯಕಿ ನ್ಯೂಯಾರ್ಕಿನ ಬೀದಿಯಲ್ಲಿ ನಡೆದು ಹೋಗುವ ದೃಶ್ಯ ನೆನಪಿದೆಯಾ? ಸುತ್ತ ಬರೀ ಮಂಜು. ಬೀದಿಯ ಸೆಟ್ ಹಾಕೋಕೆ ದುಡ್ಡಿಲ್ಲದಿದ್ದಾಗ ಮಂಜು ತುಂಬಿಸಿದರೆ ಕೆಲಸ ನಡೆಯುತ್ತದೆ ಅನ್ನೋ ಜಾಣತನ ಅದು. ಆದರೆ ಕೆಟ್ಟ ಕಾಪಿಯಲ್ಲಿ ಮಂಜು ಯಾವುದು, ಪ್ರಿಂಟ್ ಮಾಸಿದ್ದು ಯಾವುದು ಅಂತಲೇ ತಿಳಿಯುವುದಿಲ್ಲ.

2018ರಲ್ಲಿ ಹಳೇ ಸಿನಿಮಾ ಕಾಪಾಡುವ ಅಮೆರಿಕದ ಎರಡು ಸಂಸ್ಥೆಗಳು, ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ಫಿಲ್ಮ್ ಫೌಂಡೇಶನ್, ಸೇರಿ ಇದನ್ನು ಸರಿಪಡಿಸಿದವು. ಒಳ್ಳೆ ಪ್ರಿಂಟ್ ಸಿಕ್ಕಿದ್ದು ಬೆಲ್ಜಿಯಮ್ಮಿನ ಆರ್ಕೈವಿನಲ್ಲಿ. ಆದರೆ ಅದರ ಕೆಳಗಡೆ ಫ್ರೆಂಚ್ ಮತ್ತು ಫ್ಲೆಮಿಶ್ ಸಬ್‌ಟೈಟಲ್ ಚಿತ್ರದ ಮೇಲೇ ಅಚ್ಚಾಗಿಬಿಟ್ಟಿತ್ತು! ಒಂದು ಮಾತಿನ ಅಕ್ಷರ ಪರದೆ ಮೇಲೆ ಮೂರು ಸೆಕೆಂಡ್ ಇದ್ದರೆ, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ, 72 ಫ್ರೇಮ್. ಅಷ್ಟರಲ್ಲೂ ಅಕ್ಷರ ಅಳಿಸಿ, ಅದರ ಹಿಂದೆ ಇದ್ದ ಕೋಟು, ಮೇಜು, ಕಾರಿನ ಬಾಗಿಲು ಎಲ್ಲಾ ಮತ್ತೆ ತುಂಬಬೇಕು. 2019ರಲ್ಲಿ ಕ್ರೈಟೀರಿಯನ್ ಅನ್ನೋ ಅಮೆರಿಕದ ಡಿಸ್ಕ್ ಕಂಪನಿ ಅದನ್ನೇ ಬ್ಲೂರೇ ಮಾಡಿತು. ನೀವು ದುಡ್ಡು ಕೊಡೋದು ಈ ಕೆಲಸಕ್ಕೆ.

ಇನ್ನೊಂದು ಮಜಾ ಇದೆ. ನಾಯಕ ಲಿಫ್ಟ್ ಕೇಳೋ ಕೆಲವು ಶಾಟುಗಳಲ್ಲಿ ಕಾರು ರಸ್ತೆಯ ಎಡಗಡೆ ಹೋಗುತ್ತದೆ, ಡ್ರೈವರ್ ಬಲಗಡೆ ಕೂತಿರುತ್ತಾನೆ. ಅಂದರೆ ಎಡ ಬಲ ಅದಲುಬದಲಾಗುವ ಹಾಗೆ ನೆಗೆಟಿವ್ ತಿರುವಿ ಹಾಕಿದ್ದಾರೆ. ನಮಗೆ ಸರಿಯಾಗೇ ಇದೆಯಲ್ಲ ಅನ್ನಿಸುತ್ತೆ, ಅಮೆರಿಕದವರಿಗೆ ಮಾತ್ರ ಎದ್ದು ಕಾಣುತ್ತದೆ. ರಿಪೇರಿ ಮಾಡಿದವರು ಇದಕ್ಕೆ ಕೈ ಹಚ್ಚಲಿಲ್ಲ. ಗೀರು, ಕೊಳೆ ತೆಗೆಯೋದು ಅವರ ಕೆಲಸ, ಉಲ್ಮರ್ ಮಾಡಿದ್ದನ್ನು ತಿದ್ದೋದಲ್ಲ.

ಪ್ರಶ್ನೆ: ಆಸೆಪಟ್ಟು 4ಕೆ ಡಿಸ್ಕ್ ತರಿಸಿದೆ. ಚಿತ್ರದ ತುಂಬಾ ಸಣ್ಣ ಸಣ್ಣ ಚುಕ್ಕೆ ಕುಣಿಯುತ್ತಿವೆ. ಡಿಸ್ಕ್ ಡಿಫೆಕ್ಟಾ? ವಾಪಸ್ ಮಾಡಲಾ? (ಹುಬ್ಬಳ್ಳಿಯ ಓದುಗರು)

ಉತ್ತರ: ದಯವಿಟ್ಟು ಬೇಡ. ಆ ಚುಕ್ಕೆಯೇ ಚಿತ್ರ. ಫಿಲ್ಮಿನಲ್ಲಿ ಚಿತ್ರ ಮೂಡೋದೇ ಬೆಳ್ಳಿಯ ಕಣಗಳಿಂದ, ಅದಕ್ಕೇ ಗ್ರೇನ್ ಅಂತಾರೆ. ಕೆಲವು ಕಂಪನಿಗಳು ಗಿರಾಕಿ ಹೀಗೆ ದೂರುತ್ತಾರೆ ಅಂತ ಹೆದರಿ ಕಂಪ್ಯೂಟರಿನಲ್ಲಿ ಗ್ರೇನ್ ಒರೆಸಿಬಿಡುತ್ತವೆ. ಆಗ ಗ್ರೇನ್ ಜೊತೆ ಚರ್ಮದ ಗೆರೆ, ಕೋಟಿನ ನೂಲು ಕೂಡ ಹೋಗಿ ಮುಖ ಮೇಣದ ಗೊಂಬೆ ಥರ ಆಗುತ್ತದೆ. ನನ್ನ ಪ್ರಕಾರ ಅಂಥದ್ದನ್ನು ವಾಪಸ್ ಮಾಡಬೇಕು.

ಮೊದಲು ಟಿವಿ ಸೆಟ್ಟಿಂಗ್ ನೋಡಿ. ಶಾರ್ಪ್‌ನೆಸ್ ಜಾಸ್ತಿ ಇದ್ದರೆ ಗ್ರೇನ್ ಮರಳು ಎರಚಿದ ಹಾಗೆ ಕಾಣುತ್ತದೆ, ಇಳಿಸಿ. ಮೋಷನ್ ಸ್ಮೂದಿಂಗ್, ಅಂದರೆ ಟಿವಿ ತಾನೇ ನಡುವೆ ಫ್ರೇಮ್ ಸೇರಿಸಿ ಚಲನೆಯನ್ನು ನುಣುಪು ಮಾಡೋದು, ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಟಿವಿ ಸೀರಿಯಲ್ ಥರ ಆಗುತ್ತದೆ. ರೂಮಿನ ಲೈಟೂ ಆರಿಸಿ, ಯಾಕೆಂದರೆ ಈ ಸಿನಿಮಾಗಳಲ್ಲಿ ಅರ್ಧ ಕೆಲಸ ಕತ್ತಲೆಯದ್ದೇ. ಜಾನ್ ಆಲ್ಟನ್ ಅನ್ನೋ ಕ್ಯಾಮೆರಾಮನ್ ಕೆಲಸ ನೋಡಿ. 1955ರ 'ದ ಬಿಗ್ ಕಾಂಬೋ' ಕೊನೆಯಲ್ಲಿ ಮಂಜು, ಒಂದು ಲೈಟು, ಎರಡು ಕಪ್ಪು ಆಕೃತಿ, ಅಷ್ಟೇ. ಹಗಲು ಹೊತ್ತು ಕಿಟಕಿ ತೆರೆದು ನೋಡಿದರೆ ಅದರಲ್ಲಿ ಏನೂ ಕಾಣಿಸುವುದಿಲ್ಲ.

ಪ್ರಶ್ನೆ: ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಝೂಮ್ ಮಾಡಬಹುದಾ? (ಉಡುಪಿಯ ಓದುಗರು)

ಉತ್ತರ: ಬೇಡ. 1953ರ ತನಕ ಹಾಲಿವುಡ್ ಸಿನಿಮಾ ಹೆಚ್ಚುಕಮ್ಮಿ ಚೌಕವಾಗೇ ಇತ್ತು. ಝೂಮ್ ಮಾಡಿದರೆ ಟೋಪಿ ಹೋಗುತ್ತದೆ. ಟೋಪಿ ಇಲ್ಲದ ಡಿಟೆಕ್ಟಿವ್ ಯಾಕೆ ಬೇಕು ಹೇಳಿ.

ಪ್ರಶ್ನೆ: ಇಷ್ಟೊಂದು ದೊಡ್ಡ ಸ್ಟುಡಿಯೋಗಳು ತಮ್ಮ ಸಿನಿಮಾ ತಾವೇ ಯಾಕೆ ಕಾಪಾಡಿಕೊಳ್ಳಲಿಲ್ಲ? (ಬೆಂಗಳೂರಿನ ಓದುಗರು)

ಉತ್ತರ: ಥಿಯೇಟರಿನಿಂದ ತೆಗೆದ ಮೇಲೆ ಅದಕ್ಕೆ ಬೆಲೆ ಇದೆ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ. ಜೊತೆಗೆ ಐವತ್ತರ ದಶಕದ ಶುರುವಿನ ತನಕ ಬಳಸಿದ ನೈಟ್ರೇಟ್ ಫಿಲ್ಮ್ ಬೆಂಕಿಗೆ ಬಲು ಹತ್ತಿರ, ಆಮೇಲೆ ಬಂದ ಅಸಿಟೇಟ್ ಹಾಳಾಗುವಾಗ ವಿನೆಗರ್ ವಾಸನೆ ಬಿಟ್ಟು ಸುರುಟಿಕೊಳ್ಳುತ್ತದೆ. ಸಣ್ಣ ನಿರ್ಮಾಪಕರ ಸಿನಿಮಾಗಳಿಗೆ ಕಂಪನಿ ಮುಚ್ಚಿದ ಮೇಲೆ ವಾರಸುದಾರರೇ ಇರಲಿಲ್ಲ.

1950ರ 'ವುಮನ್ ಆನ್ ದ ರನ್' ಕಥೆ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ತೆಗೆದ ಚಂದದ ಸಿನಿಮಾ. ಎಡ್ಡಿ ಮುಲ್ಲರ್ ಅನ್ನೋ ನ್ವಾರ್ ಹುಚ್ಚಿನ ಲೇಖಕರು ಯೂನಿವರ್ಸಲ್‌ನಿಂದ ಪ್ರಿಂಟ್ ತರಿಸಿ ತಮ್ಮ ಉತ್ಸವದಲ್ಲಿ ತೋರಿಸಿದ್ದರು. 2008ರ ಜೂನಿನಲ್ಲಿ ಯೂನಿವರ್ಸಲ್ ಸ್ಟುಡಿಯೋಗೆ ಬೆಂಕಿ ಬಿತ್ತು, ಆ ಪ್ರಿಂಟೂ ಸುಟ್ಟು ಹೋಯಿತು. ಮುಗೀತು ಅಂದುಕೊಂಡಾಗ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ಸಿಕ್ಕಿತು. ಮುಲ್ಲರ್ ಕಟ್ಟಿದ ಫಿಲ್ಮ್ ನ್ವಾರ್ ಫೌಂಡೇಶನ್ ದುಡ್ಡು ಹೊಂದಿಸಿತು, ಲಾಸ್ ಏಂಜಲೀಸಿನ ಯುಸಿಎಲ್‌ಎ ಆರ್ಕೈವ್ ಕೆಲಸ ಮಾಡಿತು, 2016ರಲ್ಲಿ ಫ್ಲಿಕರ್ ಆಲಿ ಅನ್ನೋ ಕಂಪನಿ ಡಿಸ್ಕ್ ತಂದಿತು. ಹೀಗೆ ಬೇರೆ ದೇಶದ ಗೋದಾಮಿನಲ್ಲಿ ಸಿಕ್ಕ ಕಾಪಿಯಿಂದ ಉಳಿದವು ಎಷ್ಟೋ.

ನಮ್ಮ ಕಡೆ ಬಂದರೆ, ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಒಂದು ರೀಲೂ ಉಳಿದಿಲ್ಲ. 'ಡೀಟೂರ್' ಸರಿಪಡಿಸಿದ ಅದೇ ಫಿಲ್ಮ್ ಫೌಂಡೇಶನ್, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆ ಸೇರಿ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನೂ ಉಳಿಸಿತು, 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಅದು 1977ರ ಸಿನಿಮಾ, ನ್ವಾರ್‌ಗಳಷ್ಟು ಹಳೆಯದೂ ಅಲ್ಲ.

ಪ್ರಶ್ನೆ: ಅಣ್ಣನ ಮಗ ಅಮೆರಿಕದಿಂದ ಬರುತ್ತಿದ್ದಾನೆ, ಡಿಸ್ಕ್ ತರಲು ಹೇಳಿದ್ದೇನೆ. ಇಲ್ಲಿ ಓಡುತ್ತಾ? (ದಾವಣಗೆರೆಯ ಓದುಗರು)

ಉತ್ತರ: ಅವನು ಅಂಗಡಿಗೆ ಹೋಗೋ ಮೊದಲೇ ಫೋನ್ ಮಾಡಿ. ಎಷ್ಟೋ ಬ್ಲೂರೇಗಳಿಗೆ ರೀಜನ್ ಬೀಗ ಇರುತ್ತದೆ, ಅಂದರೆ ಒಂದು ಪ್ರದೇಶದ ಡಿಸ್ಕ್ ಅದೇ ಪ್ರದೇಶದ ಪ್ಲೇಯರಿನಲ್ಲಿ ಮಾತ್ರ ಓಡುತ್ತದೆ. ಅಮೆರಿಕದ್ದು ಎ, ನಮ್ಮದು ಸಿ. ಕ್ರೈಟೀರಿಯನ್ ಬ್ಲೂರೇ ಎ ಬೀಗದ್ದು, ಇಲ್ಲಿ ಕೊಂಡ ಮಾಮೂಲಿ ಪ್ಲೇಯರ್ ಅದನ್ನು ಓದುವುದಿಲ್ಲ. ಡಿವಿಡಿಯೂ ಹಾಗೇ, ಅಲ್ಲಿಯದ್ದು 1, ನಮ್ಮದು 5. ಡಬ್ಬಿಯ ಹಿಂದೆ ಸಣ್ಣ ಗುರುತು ಇರುತ್ತದೆ, ಅದರ ಫೋಟೋ ಕಳಿಸಲು ಹೇಳಿ. 4ಕೆ ಡಿಸ್ಕಿಗೆ ಮಾತ್ರ ಈ ಬೀಗ ಇಲ್ಲ, ಆದರೆ 4ಕೆ ಪ್ಲೇಯರೇ ಬೇಕು. ಅದೇ ಡಬ್ಬಿಯಲ್ಲಿ ಜೊತೆಗೆ ಬರುವ ಬ್ಲೂರೇಗೆ ಬೀಗ ಇದ್ದರೆ ಅದರಲ್ಲಿರುವ ಸಂದರ್ಶನ, ಡಾಕ್ಯುಮೆಂಟರಿಗಳು ನಿಮಗೆ ಸಿಗುವುದಿಲ್ಲ. ಎಲ್ಲಾ ರೀಜನ್ ಓಡಿಸುವ ಪ್ಲೇಯರ್ ಅಲ್ಲಿಂದಲೇ ತರಿಸೋದಾದರೆ 220 ವೋಲ್ಟಿಗೆ ಆಗುತ್ತದಾ ಅಂತ ಮೊದಲು ನೋಡಲಿ.