ಕುದುರೆಗೆ ನಮಸ್ಕಾರ ಬೇಕಿಲ್ಲ, ಮೇಷ್ಟ್ರೇ

ಪತ್ರ: ಮಾನ್ಯ ಸಂಪಾದಕರೇ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬೆಂಗಳೂರಿನಲ್ಲಿರುವ ನನ್ನ ಮಗಳ ಮಗನಿಗೆ ಏಳು ವರ್ಷ. ಆಟಿಸಂ ಇದೆ. ಪ್ರತಿ ಶನಿವಾರ ಅವನನ್ನು ಊರಾಚೆ ಕುದುರೆ ಸವಾರಿಗೆ ಕರೆದುಕೊಂಡು ಹೋಗುತ್ತಾರೆ. ಜನರ ಜೊತೆ ಬೆರೆಯುವುದನ್ನು ಅದರಿಂದ ಕಲಿಯುತ್ತಾನಂತೆ. ಕುದುರೆ ಮೇಲೆ ನಾಲ್ಕು ಸುತ್ತು ಹೊಡೆಸಿದರೆ ಮಾತು ಬರುತ್ತದೆಯೇ? ಮನೆಗೆ ಬಂದವರಿಗೆ ಒಂದು ನಮಸ್ಕಾರ ಮಾಡುವುದನ್ನೂ ಹುಡುಗ ಕಲಿತಿಲ್ಲ. ಮುಖ ಕೊಟ್ಟು ಮಾತಾಡುವುದಿಲ್ಲ. ಅದೇ ದುಡ್ಡಿಗೆ ಇನ್ನೊಂದು ಸ್ಪೀಚ್ ಥೆರಪಿ ಕೊಡಿಸಬಹುದಲ್ಲ? ಇದೆಲ್ಲ ಶ್ರೀಮಂತರ ಷೋಕಿ ಎಂದು ನನ್ನ ಅನಿಸಿಕೆ. ತಾವು ಏನನ್ನುತ್ತೀರಿ?
(ಹೆಸರು ಬೇಡ ಎಂದ ಓದುಗರು, ದಾವಣಗೆರೆ)

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಅಕ್ಷರ ನೋಡಿಯೇ ನಾನು ಅರ್ಧ ಸೋತೆ. ಇಷ್ಟು ದುಂಡಗೆ ಈಗ ಯಾರು ಬರೆಯುತ್ತಾರೆ? ಆದರೆ ಇನ್ನರ್ಧ ಸೋಲುವುದಿಲ್ಲ. ಈ ವಿಷಯದಲ್ಲಿ ನಾನು ಕುದುರೆ ಪಕ್ಷ.

ನಿಮ್ಮ ಮಾತಿನಲ್ಲಿರುವ ನ್ಯಾಯವನ್ನು ಬೇಗ ಒಪ್ಪಿಕೊಂಡುಬಿಡುತ್ತೇನೆ. ದುಬಾರಿ, ಹೌದು. ಕುದುರೆ ಆಟಿಸಂ ವಾಸಿ ಮಾಡುತ್ತದೆ ಎಂದು ದುಡ್ಡು ಕೇಳುವವರಿಂದ ದೂರ ಇರಿ, ಅದು ವಾಸಿ ಮಾಡುವ ಕಾಯಿಲೆಯೇ ಅಲ್ಲ. ಸ್ಪೀಚ್ ಥೆರಪಿ ನಿಲ್ಲಿಸಬಾರದು. ಫಿಟ್ಸ್ ಬರುವ ಮಗುವನ್ನು ಡಾಕ್ಟರನ್ನು ಕೇಳದೆ ಹತ್ತಿಸಬಾರದು. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಬಹಳಷ್ಟು ಚಿಕ್ಕವು. ಎಷ್ಟೋ ಕಡೆ ಮಗು ಸುಧಾರಿಸಿದೆಯೇ ಎಂದು ಹೇಳುವವರು ತಂದೆ ತಾಯಿಯೇ, ಅವರಿಗೆ ಆಸೆ ಇದ್ದೇ ಇರುತ್ತದೆ. ಆಯ್ತಾ? ಈಗ ನನ್ನ ಸರದಿ.

ಮೊದಲು ಆ ಷೋಕಿಯ ವಿಚಾರ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಹೆಣ್ಣುಮಗಳಿಗೆ 1944ರಲ್ಲಿ ಪೋಲಿಯೊ ಬಂತು. ಆಗ ಆಕೆ ಬಸುರಿ. ಮೊಣಕಾಲಿನ ಕೆಳಗೆ ಶಕ್ತಿ ವಾಪಸ್ ಬರಲೇ ಇಲ್ಲ. ಆದರೂ ಕುದುರೆ ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಕುದುರೆಯಿಂದ ಹೇಳಿದಂತೆ ಹೆಜ್ಜೆ ಹಾಕಿಸುವ ಡ್ರೆಸಾಜ್ ಎಂಬ ಸ್ಪರ್ಧೆಗೆ ಹೆಂಗಸರನ್ನು ಗಂಡಸರ ಜೊತೆಯಲ್ಲೇ ಇಳಿಯಲು ಬಿಟ್ಟ ಮೊದಲ ಸಲವೇ, ಬೆಳ್ಳಿ ಗೆದ್ದರು. ಚಿನ್ನ ಗೆದ್ದವರೇ ಕೈಹಿಡಿದು ಆಕೆಯನ್ನು ಪದಕದ ಕಟ್ಟೆ ಹತ್ತಿಸಿದರು. ಅಂಗವಿಕಲರಿಗೆ ಕುದುರೆ ಸವಾರಿ ಯಾಕಾಗಬಾರದು ಎಂದು ಯುರೋಪಿನ ಜನ ಗಂಭೀರವಾಗಿ ಯೋಚಿಸತೊಡಗಿದ್ದೇ ಅದಾದ ಮೇಲೆ. ಆಗ ಎಲ್ಲರ ಲಕ್ಷ್ಯ ಕೈಕಾಲು, ಬೆನ್ನುಮೂಳೆಯ ಮೇಲಿತ್ತು. ಆಟಿಸಂ ಇರುವ ಮಕ್ಕಳು ಲಾಯಕ್ಕೆ ಬಂದದ್ದು ಆಮೇಲೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಮೆರಿಕದ ಕೊಲೊರಾಡೊದಲ್ಲಿ ರಾಬಿನ್ ಗೇಬ್ರಿಯಲ್ಸ್ ಮತ್ತು ಸಂಗಡಿಗರು ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆಟಿಸಂ ಇರುವ 127 ಮಕ್ಕಳು, ವಯಸ್ಸು 6ರಿಂದ 16. ಯಾರು ಯಾವ ಗುಂಪಿಗೆ ಎಂಬುದನ್ನು ಅದೃಷ್ಟಕ್ಕೆ ಬಿಟ್ಟರು. ಒಂದು ಗುಂಪಿಗೆ 10 ವಾರ ಕುದುರೆ ಸವಾರಿ. ಇನ್ನೊಂದು ಗುಂಪಿಗೂ 10 ವಾರ, ಅದೇ ರೀತಿಯ ಪಾಠ, ಲಾಯದ್ದೇ ವಾತಾವರಣ. ಆದರೆ ಜೀವಂತ ಕುದುರೆಯ ಬದಲು ಅಷ್ಟೇ ಎತ್ತರದ ಬೊಂಬೆ ಕುದುರೆ!

ಈ ಬೊಂಬೆ ಕುದುರೆಯ ಜಾಣತನ ನನಗೆ ಬಹಳ ಹಿಡಿಸಿತು. ಊರಾಚೆ ನಾಲ್ಕು ಗಳಿಗೆ ಗಾಳಿ ಕುಡಿದು ಬಂದರೂ ಮಗು ಹಗುರಾಗುತ್ತದೆ, ಕುದುರೆ ಯಾಕೆ ಬೇಕು ಎಂದು ನಿಮ್ಮಂಥವರು ಕೇಳುತ್ತೀರಿ ಅಲ್ವಾ? ಗಾಳಿ ಇಬ್ಬರಿಗೂ ಸಿಕ್ಕಿತು. ಪ್ರೀತಿಯಿಂದ ಮಾತಾಡಿಸುವ ಶಿಕ್ಷಕರೂ ಇಬ್ಬರಿಗೂ ಸಿಕ್ಕರು. ಇಷ್ಟಾದರೂ ಸವಾರಿ ಮಾಡಿದ ಮಕ್ಕಳಲ್ಲಿ ರೇಗಾಟ, ಚಡಪಡಿಕೆ ಹೆಚ್ಚು ಇಳಿದವು. ಐದನೇ ವಾರದ ಹೊತ್ತಿಗೇ ವ್ಯತ್ಯಾಸ ಕಂಡಿತು. ಇನ್ನೊಬ್ಬರನ್ನು ಅರ್ಥ ಮಾಡಿಕೊಳ್ಳುವುದರಲ್ಲಿ, ಅವರೊಡನೆ ವ್ಯವಹರಿಸುವುದರಲ್ಲಿ ಸುಧಾರಣೆ ಕಂಡಿತು. ಆಡುವ ಪದಗಳೂ ಜಾಸ್ತಿಯಾದವು, ಹೊಸ ಹೊಸ ಪದಗಳೂ ಬಂದವು. ಹಾಗಂತ ಯಾವ ಮಗುವೂ ಹತ್ತು ವಾರದಲ್ಲಿ ಭಾಷಣಕ್ಕೆ ನಿಲ್ಲಲಿಲ್ಲ. 2009ರಲ್ಲೂ 34 ಮಕ್ಕಳ ಮೇಲೆ 12 ವಾರದ ಒಂದು ಚಿಕ್ಕ ಅಧ್ಯಯನ ನಡೆದಿತ್ತು. ಬೇರೆಯವರ ಜೊತೆ ಸೇರುವ ಮನಸ್ಸು ಸವಾರಿ ಮಾಡಿದವರಲ್ಲಿ ಹೆಚ್ಚಿತು ಎಂದು ಅದೂ ಹೇಳಿತ್ತು.

ಯಾಕೆ ಹೀಗಾಗುತ್ತದೆ? ನನಗೆ ತೋಚುವುದನ್ನು ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಇಂಥ ತರಗತಿಯಲ್ಲಿ ಹೊಸ ಮಗುವಿನ ಸುತ್ತ ಸಾಮಾನ್ಯವಾಗಿ ಕುದುರೆಯನ್ನು ಹಿಡಿದು ನಡೆಸುವವರು ಒಬ್ಬರು, ಅಕ್ಕಪಕ್ಕ ನಡೆಯುವವರು ಇಬ್ಬರು, ಪಾಠ ಹೇಳುವವರು ಒಬ್ಬರು ಇರುತ್ತಾರೆ. ಹೆಲ್ಮೆಟ್ ಹಾಕಿ ಮಗುವನ್ನು ಕೂರಿಸಿ ಕಾಯುತ್ತಾರೆ. ಮಗು "ನಡಿ" ಅನ್ನಬೇಕು. ಮಾತು ಬಾರದಿದ್ದರೆ ಕೈಸನ್ನೆ ಮಾಡಬೇಕು, ಇಲ್ಲವೇ ಚಿತ್ರ ತೋರಿಸಬೇಕು. ಅಲ್ಲಿಯವರೆಗೆ ಕುದುರೆ ನಿಂತೇ ಇರುತ್ತದೆ. ಯಾರೂ "ಹೇಳೋ, ಹೇಳೋ, ಮಾವನಿಗೆ ಹೇಳೋ" ಎಂದು ತಿವಿಯುವುದಿಲ್ಲ. ಒಂದು ಮಾತು ಬಂದ ಕೂಡಲೇ ಅಷ್ಟು ದೊಡ್ಡ ಪ್ರಾಣಿ ಹೆಜ್ಜೆ ಇಡುತ್ತದೆ. ನಮ್ಮ ನಿಮ್ಮ ಮನೆಗಳಲ್ಲಿ ಏಳು ವರ್ಷದ ಮಗುವಿನ ಮಾತಿಗೆ ಇಷ್ಟು ಬೆಲೆ ಯಾವತ್ತು ಸಿಕ್ಕಿದೆ? ಇನ್ನು ಕುದುರೆಯ ನಡಿಗೆ. ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಹೆಜ್ಜೆ, ಒಂದೇ ತಾಳ. ಸವಾರನ ಸೊಂಟ ತಾನೇ ನಡೆಯುತ್ತಿರುವಂತೆ ಆಡುತ್ತದೆ. ಸದ್ದು, ಬೆಳಕು, ಗಡಿಬಿಡಿಯಿಂದ ಕಂಗಾಲಾಗುವ ಮಗುವಿಗೆ ಮುಂದೆ ಏನು ಬರುತ್ತದೆ ಎಂದು ಗೊತ್ತಿರುವುದೇ ದೊಡ್ಡ ನೆಮ್ಮದಿ.

ಮುಖ ಕೊಟ್ಟು ಮಾತಾಡುವುದಿಲ್ಲ ಅಂದಿರಿ. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಹಣೆಯ ನೇರ ಮುಂದೆ ತೀರ ಹತ್ತಿರದಲ್ಲಿದ್ದದ್ದು ಅದಕ್ಕೆ ಕಾಣುವುದಿಲ್ಲ. ಹಿಂದೆ ನಿಂತದ್ದೂ ಕಾಣುವುದಿಲ್ಲ. ಬೇಟೆಗೆ ಸಿಗುತ್ತಾ ಬಂದ ಪ್ರಾಣಿ ಬೇರೆ. ನೇರ ಎದುರಿಗೆ ಕಣ್ಣು ನೆಟ್ಟುಕೊಂಡು ಬಂದವರನ್ನು ಕಂಡರೆ ಹಿಂಜರಿಯುತ್ತದೆ. ಅದಕ್ಕೇ ಭುಜದ ಕಡೆಯಿಂದ ನಿಧಾನ ಬನ್ನಿ, ದಿಟ್ಟಿಸಬೇಡಿ, ಕಿವಿ ಎತ್ತ ತಿರುಗಿದೆ ನೋಡಿಕೊಳ್ಳಿ ಎಂದು ಕುದುರೆ ನೋಡಿಕೊಳ್ಳುವ ಸಯೀಸರು ಹೊಸಬರಿಗೆ ಹೇಳಿಕೊಡುವುದು. ಅಂದರೆ ನಿಮ್ಮ ಮೊಮ್ಮಗನ ನಡತೆ ಕುದುರೆಯ ಮಟ್ಟಿಗೆ ಬಹಳ ಒಳ್ಳೆಯ ನಡತೆ. ಲಾಯದಲ್ಲಿ ತಿದ್ದಿಸಿಕೊಳ್ಳಬೇಕಾದವರು ನೀವು, ನಾನು.

ಈ ಮಾತು ಬರೀ ತಮಾಷೆಗಲ್ಲ. ತಾವೇ ಆಟಿಸ್ಟಿಕ್ ಆಗಿರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ತಕರಾರು ಎತ್ತಿದರು. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗುವುದಿಲ್ಲ ಎಂದು ದೂರುತ್ತೀರಲ್ಲ, ಉಳಿದವರಾದ ನಿಮಗೆ ಅವರು ಅರ್ಥವಾಗಿದ್ದಾರೆಯೇ ಎಂದು ಕೇಳಿದರು. ಕ್ಯಾಥರೀನ್ ಕ್ರಾಂಪ್ಟನ್ ಮತ್ತವರ ತಂಡ 72 ಮಂದಿ ವಯಸ್ಕರಿಂದ ಒಂದು ಆಟ ಆಡಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುತ್ತಾ ಹೋಗುವ ಆಟ. ಎಲ್ಲರೂ ಆಟಿಸ್ಟಿಕ್ ಆಗಿದ್ದ ಸಾಲಿನಲ್ಲಿ ಕಥೆ ಚೆನ್ನಾಗಿಯೇ ದಾಟಿತು, ಆಟಿಸಂ ಇಲ್ಲದವರ ಸಾಲಿನಲ್ಲಿ ದಾಟಿದಷ್ಟೇ. ಹೆಚ್ಚು ಸೋರಿಹೋದದ್ದು ಇವರನ್ನೂ ಅವರನ್ನೂ ಬೆರೆಸಿ ನಿಲ್ಲಿಸಿದ ಸಾಲಿನಲ್ಲಿ. ಹಾಗಿರುವಾಗ ಕಲಿಕೆಯ ಭಾರವನ್ನೆಲ್ಲ ಏಳು ವರ್ಷದವನ ತಲೆಗೆ ಹೊರಿಸುವುದು ಯಾವ ನ್ಯಾಯ?

ಟೆಂಪಲ್ ಗ್ರ್ಯಾಂಡಿನ್ ಹೆಸರು ಕೇಳಿರುತ್ತೀರಿ. ಆಟಿಸಂ ಇರುವ ಆಕೆ ಪ್ರಾಣಿವಿಜ್ಞಾನದ ಪ್ರೊಫೆಸರ್. ದನಗಳಿಗೆ ಹೆದರಿಕೆಯಾಗದಂತೆ ಓಡಿಸುವ ದಾರಿಗಳನ್ನು ವಿನ್ಯಾಸ ಮಾಡಿ ಜಗತ್ತಿಗೇ ಗೊತ್ತಾದವರು. ಹೈಸ್ಕೂಲಿನಲ್ಲಿ ಜೊತೆಯವರು ಗೇಲಿ ಮಾಡಿ ಗೋಳುಹೊಯ್ದುಕೊಳ್ಳುವಾಗ ಕುದುರೆಗಳ ಸಹವಾಸವೇ ತಮ್ಮನ್ನು ಕಾಪಾಡಿತು ಎಂದು ಆಕೆ ಮತ್ತೆ ಮತ್ತೆ ಹೇಳಿದ್ದಾರೆ. ಕುದುರೆಯ ಮೇಲೆ ಆಸಕ್ತಿ ಇರುವವರ ಜೊತೆ ಗೆಳೆತನ ತಾನಾಗಿ ಬಂತು.

ಅಷ್ಟು ದೂರ ಯಾಕೆ? ಮೈಸೂರಿನ ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದ. ಆಗ ಆಟಿಸಂ ಎಂಬ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಅರೆಹುಚ್ಚ ಅನ್ನುತ್ತಿದ್ದರು, ಶಾಲೆ ಬಿಡಿಸಿದ್ದರು. ಜಟಕಾ ಸ್ಟ್ಯಾಂಡಿನ ಸಾಬರೊಬ್ಬರು ಅವನನ್ನು ಹತ್ತಿರ ಸೇರಿಸಿಕೊಂಡರು. ಹುಲ್ಲು ಹಾಕುವುದು, ಬಕೆಟ್ ಹಿಡಿಯುವುದು, ಮೈ ತಿಕ್ಕುವುದು ಅವನ ಕೆಲಸ. ಬರಬರುತ್ತಾ ಯಾವ ಗಾಡಿಯ ನಂತರ ಯಾವ ಗಾಡಿ ಹೊರಡಬೇಕು ಎಂಬ ಸರದಿಯೆಲ್ಲ ಅವನ ತಲೆಯಲ್ಲಿ ಕೂತಿತು. ಬಾಡಿಗೆಗೆ ಜಗಳ ಎದ್ದರೆ ಎಲ್ಲರೂ ಅವನ ಕಡೆ ನೋಡುತ್ತಿದ್ದರು. ಅವನು ಯಾರ ಮುಖವನ್ನೂ ನೋಡದೆ ಒಂದು ಗಾಡಿಯತ್ತ ಬೆರಳು ತೋರಿಸುತ್ತಿದ್ದ. ಅಲ್ಲಿಗೆ ಜಗಳ ಮುಗೀತು. ಸ್ಟ್ಯಾಂಡಿನಲ್ಲಿ ಅವನಷ್ಟು ಮರ್ಯಾದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಈಗ ಅಂಥ ಜಾಗ ಎಲ್ಲಿದೆ ಹೇಳಿ. ಬೀದಿಯಲ್ಲಿ ದನ, ಕುದುರೆ ಇಲ್ಲ. ಕಾರು ನಿಲ್ಲಿಸಿ ಆಟದ ಬಯಲೂ ಇಲ್ಲದಂತಾಯಿತು. ಅಪಾರ್ಟ್‌ಮೆಂಟಿನಲ್ಲಿ ಮಗು ಜೋರಾಗಿ ಕೂಗಿದರೆ ವಾಟ್ಸ್ಯಾಪ್ ಗುಂಪಿನಲ್ಲಿ ದೂರು ಬೀಳುತ್ತದೆ. ಅದೇ ಜನ ಮದುವೆ ಛತ್ರದಲ್ಲಿ ಕಿವಿ ಹರಿಯುವಂತೆ ಸ್ಪೀಕರ್ ಹಾಕಿ, ನಡುವೆ ಆ ಮಗುವನ್ನು ನಿಲ್ಲಿಸಿ, "ಅಜ್ಜಿಗೆ ಹಾಯ್ ಹೇಳು" ಅನ್ನುತ್ತಾರೆ. ಇಂಥ ಮಕ್ಕಳನ್ನು ಉಳಿದ ಮಕ್ಕಳ ಜೊತೆಗೇ ಕೂರಿಸಿ ಕಲಿಸಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ನನ್ನ ಪರಿಚಯದ ಒಬ್ಬ ತಾಯಿಗೆ ಒಂದು ಶಾಲೆಯವರು ಸೀಟು ಇದೆ ಎಂದು ಹೇಳಿ, ಮಗುವನ್ನು ನೋಡಿದ ಮೇಲೆ ಸೀಟು ಇಲ್ಲ ಅಂದರು. ನೀವೂ ಮೂವತ್ತು ವರ್ಷ ಪಾಠ ಮಾಡಿದ್ದೀರಿ ಅಂದುಕೊಳ್ಳುತ್ತೇನೆ. ಕೊನೆ ಬೆಂಚಿನಲ್ಲಿ ಮಾತಾಡದೆ ಕೂತು, ಲೆಕ್ಕ ಮಾತ್ರ ಸರಿ ಮಾಡುತ್ತಿದ್ದವನು ಒಬ್ಬನಾದರೂ ಇದ್ದಿರಬೇಕಲ್ಲ. ಅವನಿಂದಲೂ ನಮಸ್ಕಾರವನ್ನೇ ಕೇಳಿದಿರಾ?

ಕೋಪ ಬಂತೇ? ಬರಲಿ. ಮೊಮ್ಮಗನ ಬಗ್ಗೆ ಎರಡು ಪುಟ ಬರೆದು ಪೋಸ್ಟ್ ಮಾಡುವ ಅಜ್ಜ ಎಷ್ಟು ಮಕ್ಕಳಿಗೆ ಸಿಗುತ್ತಾರೆ? ಅದಕ್ಕೇ ನಿಮ್ಮ ಮೇಲೆ ಇಷ್ಟು ಸಲುಗೆ.

ಒಂದು ಶನಿವಾರ ನೀವೇ ಹೋಗಿ ಬನ್ನಿ. ಬೇಲಿಯ ಹತ್ತಿರ ಸುಮ್ನೆ ನಿಂತುಕೊಳ್ಳಿ. ಚಪ್ಪಾಳೆ ಬೇಡ, ಫೋಟೋ ಬೇಡ. ಇಳಿದ ಮೇಲೆ "ಹೇಗಿತ್ತು" ಅಂತಲೂ ಕೇಳಬೇಡಿ. ಅಲ್ಲಿನ ಕುದುರೆಗಳಿಗೆ ನೆರಳು, ನೀರು, ವಿಶ್ರಾಂತಿ ಸಿಗುತ್ತಿದೆಯೇ ಎಂದೂ ನೋಡಿ. ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳದ ಕಡೆ ಮಗುವನ್ನು ಬಿಡಬಾರದು. ಕ್ಯಾರೆಟ್ ತಿನ್ನಿಸಬೇಕೆನಿಸಿದರೆ ಸಯೀಸನ್ನು ಕೇಳಿ, ಅಂಗೈ ಚಪ್ಪಟೆಯಾಗಿ ಚಾಚಿ ಕೊಡಿ, ಬೆರಳು ಮಡಚಬೇಡಿ.

ದುಡ್ಡಿನ ವಿಚಾರ ಉಳಿಯಿತು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನವರ ನಿರಾಮಯ ಎಂಬ ಆರೋಗ್ಯ ವಿಮೆ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ. ಮಗಳು ಮಾಡಿಸಿದ್ದಾಳೆಯೇ ಕೇಳಿ. ಇಲ್ಲದಿದ್ದರೆ ಅಂಗವೈಕಲ್ಯ ಪ್ರಮಾಣಪತ್ರ ಹಿಡಿದು ಅರ್ಜಿ ತುಂಬುವ ಕೆಲಸ ನೀವೇ ವಹಿಸಿಕೊಳ್ಳಿ. ಅಕ್ಷರ ದುಂಡಗಿದೆ, ಪುರುಸೊತ್ತೂ ಇದೆ. ಸ್ಪೀಚ್ ಥೆರಪಿಗೆ ಅದನ್ನು ಬಳಸಿದರೆ ಉಳಿದ ದುಡ್ಡು ಶನಿವಾರಕ್ಕಾಯಿತು.